ಸಾಕುವ ಮನೆಗೆ ಆಸರೆಯಾದರೆ ಮಗುವಿನ ಮನಸ್ಸಿಗೂ ಆಸರೆ



ತಂದೆತಾಯಿಗಳನ್ನು ಕಳೆದುಕೊಂಡ ಮಗುವಿಗೆ ನಾವು ಸಾಮಾನ್ಯವಾಗಿ ಕೊಡುವುದು ಎರಡೇ. ಮಣ್ಣು ಮಾಡುವ ದಿನ ನಮ್ಮ ಕಣ್ಣೀರು, ಕ್ರಿಸ್ಮಸ್ ಬಂದಾಗ ಒಂದು ಜೊತೆ ಬಟ್ಟೆ. ವರ್ಷದ ಉಳಿದ ದಿನಗಳಲ್ಲಿ ಆ ಮಗುವನ್ನು ಯಾರು ಸಾಕುತ್ತಾರೆ, ಆ ಮನೆಯಲ್ಲಿ ಅಕ್ಕಿ ಎಷ್ಟಿದೆ, ರಾತ್ರಿ ಮಲಗುವಾಗ ಆ ಮಗು ಏನು ಯೋಚನೆ ಮಾಡುತ್ತದೆ ಎಂದು ಕೇಳುವವರು ಕಡಿಮೆ. ಈ ಸಲ ಈ ವಿಷಯವನ್ನು, ವಿಶೇಷವಾಗಿ ಏಡ್ಸ್ ರೋಗ ಹೊಕ್ಕ ಮನೆಗಳ ಮಕ್ಕಳ ವಿಷಯವನ್ನು, ನಿಮ್ಮ ಮುಂದೆ ಇಡಬೇಕೆಂದಿದ್ದೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಇಂಥ ಮಗುವನ್ನು ಸಾಕುತ್ತಿರುವ ಅಜ್ಜಿಗೋ, ಚಿಕ್ಕಮ್ಮನಿಗೋ, ಸೋದರಮಾವನಿಗೋ ತಿಂಗಳು ತಿಂಗಳೂ ತಪ್ಪದೆ ಒಂದಿಷ್ಟು ಹಣದ ಸಹಾಯ ದೊರೆತರೆ ಅದು ಮಗುವಿನ ಹೊಟ್ಟೆಗೆ ಅನ್ನವಾಗುವುದಲ್ಲದೆ ಅದರ ಮನಸ್ಸಿಗೂ ಔಷಧಿಯಾಗುತ್ತದೆ. ಆದುದರಿಂದ ತಬ್ಬಲಿ ಮಗುವಿಗೆ ಸಾಂತ್ವನ ಹೇಳುವ ಕೆಲಸವನ್ನೂ, ಸಾಕುವ ಮನೆಯ ಕೈಗೆ ದುಡ್ಡು ಸೇರಿಸುವ ಕೆಲಸವನ್ನೂ ಬೇರೆ ಬೇರೆ ಮಾಡಬಾರದು.

“ಹಣದಿಂದ ಮನಸ್ಸಿನ ನೋವು ಹೋಗುತ್ತದೆಯೇ? ಸತ್ತ ತಾಯಿ ತಿರುಗಿ ಬರುತ್ತಾಳೆಯೇ?” ಎಂದು ನಮ್ಮ ಹಿರಿಯರಲ್ಲಿ ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ತಬ್ಬಲಿ ಮಗುವಿನ ಮನಸ್ಸಿನಲ್ಲಿ ಇರುವುದು ಒಂದೇ ನೋವಲ್ಲ. ತಾಯಿ ಹೋದಳೆಂಬ ದುಃಖ ಒಂದು. ಅದಕ್ಕೆ ಹಣ ಮದ್ದಲ್ಲ. ಪ್ರೀತಿ ಬೇಕು, ಕಾಲ ಬೇಕು. ಇನ್ನೊಂದು, ನಾಳೆ ಏನು ಎಂಬ ಭಯ. ಈ ಲೈನು ಮನೆಯಲ್ಲಿ ನಮ್ಮನ್ನು ಇರಲು ಬಿಡುತ್ತಾರೆಯೇ? ಮುಂದಿನ ವರ್ಷ ಶಾಲೆಗೆ ಕಳಿಸುತ್ತಾರೆಯೇ? ಅಜ್ಜಿಗೆ ನಾನು ಹೊರೆಯಾದೆನೇ? ತಂಗಿಯನ್ನು ಬೇರೆ ಮನೆಗೆ ಕೊಟ್ಟುಬಿಡುತ್ತಾರೆಯೇ? ಈ ಭಯಗಳಲ್ಲಿ ಹೆಚ್ಚಿನವು ದುಡ್ಡಿಗೆ ಸಂಬಂಧಪಟ್ಟವು. ದುಡ್ಡಿನ ದಾರಿ ಸರಿಯಾದರೆ ಇವು ಇಳಿಯುತ್ತವೆ. ಭಯ ಇಳಿದ ಮೇಲೆಯೇ ಮಗುವಿಗೆ ತನ್ನ ತಾಯಿಗಾಗಿ ಸಮಾಧಾನದಿಂದ ಅಳಲು ಸಾಧ್ಯ.

ತೋಟದಲ್ಲಿ ಈ ಭಯ ಎಷ್ಟು ನಿಜವೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಮನೆ ಚೆಕ್‌ರೋಲಿಗೆ ಕಟ್ಟಿದ ಮನೆ. ಹೆಸರು ಚೆಕ್‌ರೋಲಿನಿಂದ ಹೋದರೆ ಮನೆಯೂ ಹೋಗುವ ದಿನ ಬರುತ್ತದೆ. ಆರನೆಯ ತರಗತಿಯ ಮಗುವಿಗೂ ಇದು ಗೊತ್ತು. ಇಂಥ ಮಗುವನ್ನು ನೋಡಿ ನಾವು, “ತುಂಬಾ ಒಳ್ಳೆಯ ಮಗು, ಏನನ್ನೂ ಕೇಳುವುದಿಲ್ಲ, ಹಟವಿಲ್ಲ” ಎಂದು ಹೊಗಳುತ್ತೇವೆ. ಏನನ್ನೂ ಕೇಳದ ಮಗುವಿನ ಬಗ್ಗೆ ನಾವು ಹೆಚ್ಚು ಎಚ್ಚರವಾಗಿರಬೇಕು. ಕೇಳಿದರೆ ತನ್ನನ್ನು ಹೊರಗೆ ಹಾಕಿಯಾರು ಎಂಬ ಅಂಜಿಕೆಯಿಂದಲೂ ಮಕ್ಕಳು ಕೇಳುವುದನ್ನು ಬಿಡುತ್ತಾರೆ. ಊಟ ಸೇರದಿರುವುದು, ನಿದ್ದೆಯಲ್ಲಿ ಬೆಚ್ಚುವುದು, ದೊಡ್ಡವರಾದ ಮೇಲೂ ಹಾಸಿಗೆ ಒದ್ದೆ ಮಾಡುವುದು, ಸಣ್ಣ ಮಾತಿಗೆ ಸಿಡಿಯುವುದು, ಶಾಲೆಯಲ್ಲಿ ಹಿಂದಿನ ಬೆಂಚಿಗೆ ಸರಿಯುವುದು, ಇವೆಲ್ಲ ಒಳಗಿನ ಭಾರದ ಗುರುತುಗಳಾಗಿರಬಹುದು.

ಏಡ್ಸ್ ಬಂದ ಮನೆಯಲ್ಲಿ ಈ ಭಾರ ಇನ್ನೂ ಹೆಚ್ಚು. ಮರ ಬಿದ್ದೋ ಆನೆ ತುಳಿದೋ ತಂದೆ ಸತ್ತರೆ ಸಾವು ಒಂದು ದಿನದಲ್ಲಿ ಬಂದು ಹೋಗುತ್ತದೆ. ಔಷಧಿ ಸಿಗದ ಕಾಲದಲ್ಲಿ ಏಡ್ಸ್ ವರ್ಷಗಟ್ಟಲೆ ಹಾಸಿಗೆ ಹಿಡಿಸಿ ಕೊಲ್ಲುತ್ತಿತ್ತು. ಅಷ್ಟರಲ್ಲಿ ಹಾಜರಿ ತಪ್ಪಿ, ಸಂಬಳ ಹೋಗಿ, ಓಲೆಯೂ ಉಂಗುರವೂ ಅಡವು ಬಿದ್ದು, ಸಾಲ ತಲೆಯ ಮೇಲೆ ಕೂರುತ್ತಿತ್ತು. ಗಂಡನ ಹಿಂದೆ ಹೆಂಡತಿಯೂ ಹೋಗುತ್ತಿದ್ದಳು. ಮಕ್ಕಳು ಶಾಲೆ ಬಿಟ್ಟು ತಾಯಿಯ ಗಂಜಿ ಕಾಯಿಸುತ್ತಿದ್ದರು. ಕೊನೆಗೆ ಆ ಮಕ್ಕಳನ್ನು ಕರೆದುಕೊಂಡ ಅಜ್ಜಿಯ ಕೈಗೆ ಬಂದದ್ದು ಬರಿದಾದ ಮನೆ, ಜೊತೆಗೆ ಊರಿನ ಪಿಸುಮಾತು.

ಇದನ್ನು ಜಗತ್ತಿನಲ್ಲಿ ಬಹಳ ಮೊದಲೇ, ಬಹಳ ಕಠಿಣವಾಗಿ ಅನುಭವಿಸಿದ ನಾಡುಗಳಲ್ಲಿ ಆಫ್ರಿಕದ ಯುಗಾಂಡ ಒಂದು. ಅಲ್ಲಿ ವಿಕ್ಟೋರಿಯಾ ಸರೋವರದ ಪಶ್ಚಿಮ ದಡದಲ್ಲಿ ಮಸಾಕ ಮತ್ತು ರಕಾಯಿ ಎಂಬ ಜಿಲ್ಲೆಗಳಿವೆ. ಬಾಳೆ ಮತ್ತು ಕಾಫಿ ಅಲ್ಲಿಯ ಜನರ ಜೀವನ. ನಮ್ಮ ವಯನಾಡಿನಲ್ಲೂ ಗೂಡಲೂರಿನಲ್ಲೂ ನಾವು ಕೊಯ್ಯುವ ರೋಬಸ್ಟಾ ಕಾಫಿಯೇ ಅಲ್ಲಿಯ ಬೆಳೆ. ರಕಾಯಿಯ ಕಸೆನ್ಸೆರೊ ಎಂಬ ಮೀನುಗಾರರ ಹಳ್ಳಿಯಲ್ಲಿ 1982ರಲ್ಲಿ ಜನ ಸೊರಗಿ ಸೊರಗಿ ಸಾಯತೊಡಗಿದರು. ಹೆಸರು ತಿಳಿಯದ ಆ ರೋಗವನ್ನು ಜನ ‘ಸ್ಲಿಮ್’, ಅಂದರೆ ಸೊರಗುವ ರೋಗ ಎಂದು ಕರೆದರು. ಅದೇ ಏಡ್ಸ್. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಆ ಸೀಮೆಯಲ್ಲಿ ದುಡಿಯುವ ವಯಸ್ಸಿನವರೇ ಹೋಗಿ, ಮುದುಕಿಯರೂ ಮೊಮ್ಮಕ್ಕಳೂ ಉಳಿದ ಮನೆಗಳು ಎಷ್ಟೋ ಆದವು.

ಯುಗಾಂಡದಲ್ಲಿ 1997ರಿಂದ ಪ್ರಾಥಮಿಕ ಶಾಲೆಗೆ ಶುಲ್ಕ ತೆಗೆದರು. ಆದರೆ ಆಗ ಏಳನೆಯ ತರಗತಿ ಮುಗಿದ ಮೇಲೆ ಮುಂದಿನ ಶಾಲೆಗೆ ಹಣ ಬೇಕಾಗಿತ್ತು. ಅಜ್ಜಿಯ ಹತ್ತಿರ ಹಣವೆಲ್ಲಿ? ಓದು ಅಲ್ಲಿಗೇ ನಿಲ್ಲುವುದೆಂದು ಮಗುವಿಗೆ ಮೊದಲೇ ತಿಳಿದಿರುತ್ತಿತ್ತು. ಗೋಡೆ ಎದುರಿಗೆ ಕಾಣುತ್ತಿರುವಾಗ ಆ ಮಗು ಯಾವ ಮನಸ್ಸಿನಿಂದ ಓದೀತು?

ಯುಗಾಂಡದಲ್ಲಿಯೇ ಹುಟ್ಟಿ ಅಮೆರಿಕದಲ್ಲಿ ಪ್ರಾಧ್ಯಾಪಕರಾದ ಫ್ರೆಡ್ ಸೆವಮಾಲ ಎಂಬವರು 2000ದ ದಶಕದ ಮಧ್ಯದಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಅದರ ಹೆಸರು ‘ಸೂಬಿ’. ಅಲ್ಲಿಯ ಲುಗಾಂಡ ಭಾಷೆಯಲ್ಲಿ ಸೂಬಿ ಎಂದರೆ ನಿರೀಕ್ಷೆ. ಏಡ್ಸ್‌ನಿಂದ ತಂದೆ ಅಥವಾ ತಾಯಿಯನ್ನು ಕಳೆದುಕೊಂಡ, ಪ್ರಾಥಮಿಕ ಶಾಲೆಯ ಕೊನೆಯ ತರಗತಿಗಳ ಮಕ್ಕಳನ್ನು ಆರಿಸಿದರು. ಪ್ರತಿ ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಒಂದು ಉಳಿತಾಯ ಖಾತೆ ತೆರೆದರು. ಸಾಕುವವರೂ ಬಂಧುಗಳೂ ತಮ್ಮ ಕೈಲಾದಷ್ಟು ಅದರಲ್ಲಿ ಕಟ್ಟಬೇಕು. ಅವರು ಒಂದು ಶಿಲ್ಲಿಂಗ್ ಕಟ್ಟಿದರೆ ಯೋಜನೆಯವರು ಎರಡು ಶಿಲ್ಲಿಂಗ್ ಸೇರಿಸುತ್ತಿದ್ದರು; ಅದಕ್ಕೆ ಒಂದು ಮಿತಿಯೂ ಇತ್ತು. ಹೀಗೆ ಸೇರಿದ ಹಣ ಮುಂದಿನ ಶಾಲೆಯ ಶುಲ್ಕಕ್ಕೆ ಅಥವಾ ಮನೆಯವರು ಮಾಡುವ ಕೋಳಿ, ಮೇಕೆ ಸಾಕಣೆಯಂಥ ಸಣ್ಣ ಕಸುಬಿಗೆ. ಹಣ ಉಳಿಸುವುದು ಹೇಗೆ ಎಂಬ ಪಾಠವನ್ನೂ ಹೇಳಿಕೊಟ್ಟರು. ಮಗುವಿಗೆ ಬುದ್ಧಿ ಹೇಳಿ ಜೊತೆ ನಿಲ್ಲುವ ಹಿರಿಯ ಗೆಳೆಯರನ್ನೂ ಒದಗಿಸಿದರು.

ಇನ್ನೊಂದು ಗುಂಪಿನ ಮಕ್ಕಳಿಗೆ ಅಂಥ ಮಕ್ಕಳಿಗೆ ವಾಡಿಕೆಯಾಗಿ ಸಿಗುವ ಸಹಾಯ ಸಿಕ್ಕಿತು. ಅಂದರೆ ಸಾಂತ್ವನದ ಮಾತು, ಶಾಲೆಯಲ್ಲಿ ಊಟ, ಪುಸ್ತಕ. ಇದನ್ನು ನಾವು ಗಮನಿಸಬೇಕು. ಆ ಮಕ್ಕಳನ್ನು ಯಾರೂ ಕೈಬಿಟ್ಟಿರಲಿಲ್ಲ. ನಾವು ಇಲ್ಲಿ ಮಾಡುವಷ್ಟನ್ನು ಅಲ್ಲಿ ಅವರಿಗೂ ಮಾಡಲಾಗಿತ್ತು. ಹಾಗಿದ್ದರೂ ಖಾತೆ ಇದ್ದ ಮಕ್ಕಳ ಮನಸ್ಸು ಇವರಿಗಿಂತ ಹೆಚ್ಚು ಚೇತರಿಸಿಕೊಂಡಿತು. ಇದೇ ಕೆಲಸವನ್ನು ‘ಸೂಬಿ ಮಾಕ’, ಅಂದರೆ ಕುಟುಂಬಕ್ಕೆ ನಿರೀಕ್ಷೆ, ಎಂಬ ಹೆಸರಿನಲ್ಲಿ ಮುಂದುವರಿಸಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ, ಒಂದು ವರ್ಷದೊಳಗೆ ಖಾತೆ ಇದ್ದ ಮಕ್ಕಳಲ್ಲಿ ಹತಾಶೆಯೂ ಖಿನ್ನತೆಯೂ ಇಳಿದಿದ್ದವೆಂದು ಹೇಳಿದ್ದಾರೆ. ಮುಂದೆ ಇದನ್ನು ಅದೇ ಸೀಮೆಯ 48 ಶಾಲೆಗಳಲ್ಲಿ, ಸಾವಿರದ ಮುನ್ನೂರಕ್ಕೂ ಹೆಚ್ಚು ಮಕ್ಕಳ ನಡುವೆ ನಡೆಸಿ ನೋಡಿದರು.

ಇದರ ಗುಟ್ಟೇನು? ಒಂದು ವರ್ಷದಲ್ಲಿ ಆ ಖಾತೆಗಳಲ್ಲಿ ದೊಡ್ಡ ಹಣವೇನೂ ಸೇರಿರಲಾರದು. ನಮಗೆ ತೋರುವುದು ಹೀಗೆ: ಮಗುವಿನ ಹೆಸರು ಬರೆದ ಒಂದು ಪಾಸ್‌ಬುಕ್ಕು ಮನೆಯಲ್ಲಿ ಇದೆಯೆಂದರೆ, ತನಗೂ ನಾಳೆ ಇದೆಯೆಂದು ಯಾರೋ ನಂಬಿದ್ದಾರೆ ಎಂದು ಆ ಮಗುವಿಗೆ ತಿಳಿಯುತ್ತದೆ. ಅಜ್ಜಿ ಸಂತೆಗೆ ಹೋಗಿ ಬಂದು ಅದರಲ್ಲಿ ಹತ್ತು ರೂಪಾಯಿ ಕಟ್ಟಿದಳೆಂದರೆ, ನಾನು ಅವಳಿಗೆ ಹೊರೆಯಲ್ಲ ಎಂದು ಮಗು ಅರಿತುಕೊಳ್ಳುತ್ತದೆ. ಅಜ್ಜಿಗೂ ಹಾಗೆಯೇ. ದುಡ್ಡಿನ ಚಿಂತೆಯಲ್ಲಿ ಬೆಂದವಳು ಸಿಡುಕುತ್ತಾಳೆ. ಚಿಂತೆ ಸ್ವಲ್ಪ ಇಳಿದರೆ ಅವಳ ಮಾತು ಮೆತ್ತಗಾಗುತ್ತದೆ. ಆ ಮೆತ್ತಗಿನ ಮಾತೇ ಮಗುವಿಗೆ ಬೇಕಾಗಿರುವುದು.

ಯುಗಾಂಡದ ನೆರೆಯ ಕೆನ್ಯಾ ದೇಶದಲ್ಲಿ ಸರ್ಕಾರವೇ ಈ ಕೆಲಸಕ್ಕೆ ಕೈ ಹಾಕಿತು. ಅಲ್ಲಿ 2004ರಲ್ಲಿ ಆರಂಭವಾದ ಯೋಜನೆಯಲ್ಲಿ, ತಬ್ಬಲಿ ಮಕ್ಕಳನ್ನು ಸಾಕುವ ಬಡ ಕುಟುಂಬಗಳಿಗೆ ತಿಂಗಳಿಗೆ 1,500 ಶಿಲ್ಲಿಂಗಿನ ಲೆಕ್ಕದಲ್ಲಿ, ಆಮೇಲೆ ಇನ್ನಷ್ಟು ಸೇರಿಸಿ, ಹಣ ಕೊಟ್ಟರು. ಕೆಲವು ವರ್ಷಗಳ ನಂತರ ಆ ಮನೆಗಳಲ್ಲಿ ಬೆಳೆದ 15ರಿಂದ 24 ವರ್ಷದವರನ್ನು ವಿಚಾರಿಸಿದಾಗ, ಅವರಲ್ಲಿ ಖಿನ್ನತೆಯ ಲಕ್ಷಣಗಳು ಕಾಣುವ ಸಂಭವ ಶೇಕಡಾ 24ರಷ್ಟು ಕಡಿಮೆಯಾಗಿತ್ತು. ಆದರೆ ಈ ಒಳ್ಳೆಯ ಬದಲಾವಣೆ ಹುಡುಗರಲ್ಲಿ ಮಾತ್ರ ಸ್ಪಷ್ಟವಾಗಿ ಕಂಡಿತು, ಹುಡುಗಿಯರಲ್ಲಿ ಕಾಣಲಿಲ್ಲ. ನಾವು ಇದನ್ನು ಮರೆಮಾಡಬಾರದು. ಮನೆಗೆ ಹಣ ಬಂದರೂ ನೀರು ಹೊರುವುದು, ಕಟ್ಟಿಗೆ ತರುವುದು, ತಮ್ಮನನ್ನು ಎತ್ತಿಕೊಳ್ಳುವುದು ಹುಡುಗಿಯ ತಲೆಯ ಮೇಲೆಯೇ ಉಳಿದರೆ ಅವಳ ಭಾರ ಹೇಗೆ ಇಳಿದೀತು? ನಮ್ಮ ಲೈನುಗಳಲ್ಲೂ ಕೊಳುಂದು ಕೀಳಲು ಹೋದ ಅತ್ತೆಯ ಮನೆಯನ್ನು ನೋಡಿಕೊಳ್ಳುವವಳು ಆ ತಬ್ಬಲಿ ಹುಡುಗಿಯೇ ಅಲ್ಲವೇ?

ಇನ್ನೊಂದು ಪಾಠ ದಕ್ಷಿಣ ಆಫ್ರಿಕದ್ದು. ಅಲ್ಲಿ ಲೂಸಿ ಕ್ಲೂವರ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ 1,025 ಮಂದಿ ಹರೆಯದ ಮಕ್ಕಳನ್ನು ಮಾತನಾಡಿಸಿ 2009ರಲ್ಲಿ ಒಂದು ಲೆಕ್ಕ ಕೊಟ್ಟರು. ಬಡತನವೂ ಏಡ್ಸ್‌ನ ಕಳಂಕವೂ ಇಲ್ಲದ ಮಕ್ಕಳಲ್ಲಿ ಮನಸ್ಸಿನ ಕಾಯಿಲೆಯ ಸಂಭವ ಶೇಕಡಾ 19. ಬಡತನ ಮತ್ತು ಕಳಂಕ ಎರಡೂ ಸೇರಿದಲ್ಲಿ ಅದು ಶೇಕಡಾ 83. ಇದರಲ್ಲಿ ನಮಗೆ ಎಚ್ಚರಿಕೆಯಿದೆ. ಒಂದು ಕೈಯಿಂದ ಹಣ ಕೊಟ್ಟು ಇನ್ನೊಂದು ಕೈಯಿಂದ ಬೆರಳು ತೋರಿಸಿದರೆ ಪ್ರಯೋಜನವಿಲ್ಲ. “ಅದು ಆ ಕಾಯಿಲೆಯವಳ ಮಗು, ಅದರ ಲೋಟ ಬೇರೆ ಇಡಿ” ಎಂದು ನಲ್ಲಿಯ ಹತ್ತಿರ ಆಡಿದ ಒಂದು ಮಾತು ವರ್ಷದ ಸಹಾಯವನ್ನು ಅಳಿಸಿಹಾಕುತ್ತದೆ. ಒಟ್ಟಿಗೆ ಉಣ್ಣುವುದರಿಂದ, ಆಡುವುದರಿಂದ, ಒಂದೇ ಲೋಟದಲ್ಲಿ ನೀರು ಕುಡಿಯುವುದರಿಂದ ಎಚ್.ಐ.ವಿ. ಹರಡುವುದಿಲ್ಲ. ಅಷ್ಟೇ ಅಲ್ಲ, ಇಂಥ ಮನೆಗಳ ಎಷ್ಟೋ ಮಕ್ಕಳಿಗೆ ಆ ಸೋಂಕು ಇರುವುದೇ ಇಲ್ಲ.

ಈಗ ನಮ್ಮ ಕಡೆಗೆ ಬರೋಣ. ನಮ್ಮ ದೇಶದಲ್ಲಿ 2004ನೆಯ ಏಪ್ರಿಲ್‌ನಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಏಡ್ಸ್ ಔಷಧಿ ಉಚಿತ. ತಪ್ಪದೆ ಮಾತ್ರೆ ತಿನ್ನುವವರು ದುಡಿದುಕೊಂಡು ಬಹುಕಾಲ ಬದುಕುತ್ತಾರೆ. ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆಯೂ ತಡೆಯಬಹುದು. ಹಾಗಾಗಿ ಮಗುವಿಗೆ ಮಾಡಬಹುದಾದ ಮೊದಲನೆಯ ಸಹಾಯ ಅದರ ತಂದೆತಾಯಿಯನ್ನು ಜೀವಂತ ಇಟ್ಟುಕೊಳ್ಳುವುದು. ತಿಂಗಳಿಗೊಮ್ಮೆ ಔಷಧಿಗೆ ಹೋಗುವ ದಿನ ಬಸ್ಸಿನ ಚಾರ್ಜಿಗೂ ಹೋದ ಹಾಜರಿಗೂ ನೆರವಾದರೆ ಅದೂ ಮಗುವಿಗೆ ಕೊಟ್ಟದ್ದೇ ಆಯಿತು.

ತಂದೆ ಅಥವಾ ತಾಯಿ ತೀರಿಕೊಂಡ ಮೇಲೆ ಭಿಕ್ಷೆಗಿಂತ ಮೊದಲು ಹಕ್ಕನ್ನು ಕೇಳಬೇಕು. ಪಿ.ಎಫ್. ಸದಸ್ಯರ 1995ರ ಪಿಂಚಣಿ ಯೋಜನೆಯಲ್ಲಿ ಸತ್ತವರ ಹೆಂಡತಿ ಅಥವಾ ಗಂಡನಿಗೆ ಪಿಂಚಣಿ ಇದೆ. ಅದರ ಜೊತೆಗೆ ಒಂದು ಸಲಕ್ಕೆ ಇಬ್ಬರು ಮಕ್ಕಳಿಗೆ, 25 ವರ್ಷ ತುಂಬುವವರೆಗೆ, ಆ ಪಿಂಚಣಿಯ ಕಾಲು ಭಾಗ ತಲಾ ಸಿಗಬೇಕೆಂದಿದೆ. ತಂದೆತಾಯಿ ಇಬ್ಬರೂ ಇಲ್ಲದ ಮಕ್ಕಳಿಗೆ ಮುಕ್ಕಾಲು ಭಾಗ. 2014ರಲ್ಲಿ ಇದಕ್ಕೆ ಕನಿಷ್ಠ ಮೊತ್ತವಾಗಿ ತಿಂಗಳಿಗೆ 250 ರೂಪಾಯಿ ಮತ್ತು 750 ರೂಪಾಯಿ ಎಂದು ಗೊತ್ತುಮಾಡಿದರು. ಕೆಲಸದಲ್ಲಿದ್ದಾಗಲೇ ಸತ್ತವರ ಗ್ರಾಚ್ಯುಟಿಗೆ ಐದು ವರ್ಷದ ಸರ್ವೀಸು ಆಗಿರಬೇಕೆಂಬ ನಿಬಂಧನೆಯೂ ಇಲ್ಲ. ಇವು ಮಗುವಿನ ದುಡ್ಡು. ಅರ್ಜಿ ಹಾಕುವವರಿಲ್ಲದೆ ಇವು ಕಚೇರಿಯಲ್ಲಿ ಕೊಳೆಯಬಾರದು.

ಸರ್ಕಾರದ ಬೇರೆ ನೆರವುಗಳೂ ಇವೆ. 2022ರ ಮಿಷನ್ ವಾತ್ಸಲ್ಯದ ನಿಯಮಗಳಂತೆ, ವಿಧವೆ ತಾಯಿಯ ಹತ್ತಿರವೋ ಬಂಧುಗಳ ಹತ್ತಿರವೋ ಬೆಳೆಯುವ ಬಡ ಮಕ್ಕಳಿಗೂ, ತಂದೆತಾಯಿಗೆ ಜೀವಕ್ಕೆ ಅಪಾಯವಾದ ಕಾಯಿಲೆಯಿರುವ ಮಕ್ಕಳಿಗೂ ತಿಂಗಳಿಗೆ 4,000 ರೂಪಾಯಿ ಕೊಡಬಹುದು. ಇದಕ್ಕೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಬೇಕು. ತಮಿಳುನಾಡು ಸರ್ಕಾರ 2009ರಲ್ಲಿಯೇ ಏಡ್ಸ್ ಬಾಧಿತ ಮಕ್ಕಳಿಗಾಗಿ ಒಂದು ನಿಧಿ ಸ್ಥಾಪಿಸಿತು; 2025ರಲ್ಲಿ ‘ಅನ್ಬು ಕರಂಗಳ್’ ಎಂಬ ಹೆಸರಿನಲ್ಲಿ ತಬ್ಬಲಿ ಮಕ್ಕಳಿಗೆ ತಿಂಗಳಿಗೆ 2,000 ರೂಪಾಯಿಯ ಯೋಜನೆ ತಂದಿತು. ಕೇರಳದವರು ‘ಸ್ನೇಹಪೂರ್ವಂ’ ಯೋಜನೆಯ ಬಗ್ಗೆ ಶಾಲೆಯ ಮುಖ್ಯೋಪಾಧ್ಯಾಯರಲ್ಲಿ ವಿಚಾರಿಸಲಿ.

2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್.ಐ.ವಿ. ಕಾಯಿದೆಯ ಎರಡು ಮಾತನ್ನು ನಾವೆಲ್ಲ ತಿಳಿದಿರಬೇಕು. ಎಚ್.ಐ.ವಿ.ಯ ಕಾರಣದಿಂದ ಮಗುವನ್ನು ಶಾಲೆಯಿಂದ ದೂರವಿಡುವಂತಿಲ್ಲ. ತಂದೆತಾಯಿಗಳಿಲ್ಲದ ಇಂಥ ಮನೆಯನ್ನು ಅಣ್ಣನೋ ಅಕ್ಕನೋ ನಡೆಸುತ್ತಿದ್ದರೆ, ಅವರಿಗೆ 12 ವರ್ಷ ತುಂಬಿ ತಿಳುವಳಿಕೆ ಬಂದಿದ್ದರೆ, 18 ತುಂಬುವ ಮೊದಲೇ ತಮ್ಮ ತಂಗಿಯರ ಶಾಲೆ, ಚಿಕಿತ್ಸೆ, ಬ್ಯಾಂಕ್ ಖಾತೆ ಮುಂತಾದ ವಿಷಯಗಳಲ್ಲಿ ಪೋಷಕರಾಗಿ ನಿಲ್ಲಬಹುದು.

“ಹಣ ಮನೆಗೆ ಕೊಟ್ಟರೆ ಕುಡಿತಕ್ಕೋ ಬಡ್ಡಿಗೋ ಹೋಗುತ್ತದೆ, ಮಗುವನ್ನು ಅನಾಥಾಲಯಕ್ಕೆ ಸೇರಿಸುವುದೇ ಲೇಸು” ಎಂಬ ಮಾತೂ ಇದೆ. ಕೆಲವು ಮನೆಗಳಲ್ಲಿ ಹಾಗೆ ಆಗಬಹುದು, ಇಲ್ಲವೆನ್ನುವುದಿಲ್ಲ. ಅದಕ್ಕೇ ಖಾತೆ ಮಗುವಿನ ಹೆಸರಿನಲ್ಲಿ ಇರಲಿ ಎನ್ನುತ್ತೇವೆ. ಸಾಕಲು ಯಾರೂ ಇಲ್ಲದ ಮಗುವಿಗೆ ಅನಾಥಾಲಯ ಬೇಕೇ ಬೇಕು. ಆದರೆ ಸಾಕಲು ಮನಸ್ಸಿರುವ ಅಜ್ಜಿ ಇರುವಾಗ, ಅವಳ ಹತ್ತಿರ ದುಡ್ಡಿಲ್ಲವೆಂಬ ಒಂದೇ ಕಾರಣಕ್ಕೆ ಮಗುವನ್ನು ದೂರದ ಊರಿಗೆ ಕಳುಹಿಸಿ, ಅಣ್ಣತಂಗಿಯರನ್ನು ಅಗಲಿಸುವುದು ಎರಡನೆಯ ಸಲ ತಬ್ಬಲಿ ಮಾಡಿದಂತೆ.

ಆದುದರಿಂದ ನಮ್ಮ ಕೂಟಗಳ ಮುಂದೆ ಈ ಸಲಹೆಗಳನ್ನು ಇಡುತ್ತೇವೆ.

ಒಂದು: ಯಾವ ಕಾಯಿಲೆಯಿಂದ ಸತ್ತರೆಂದು ಕೇಳದೆ, ತೋಟದಲ್ಲಿ ತಂದೆ ಅಥವಾ ತಾಯಿ ಇಲ್ಲದ ಎಲ್ಲ ಮಕ್ಕಳನ್ನೂ ಒಂದೇ ಸಹಾಯದಲ್ಲಿ ಸೇರಿಸಿರಿ. ಆಗ ಏಡ್ಸ್ ಬಂದ ಮನೆಯ ಮಗು ಗುಂಪಿನಲ್ಲಿ ಒಬ್ಬನಾಗಿರುತ್ತದೆ. ಹೆಸರುಗಳನ್ನು ಓದಿ ಹೇಳಬೇಡಿ, ಫೋಟೋ ತೆಗೆಯಬೇಡಿ.

ಎರಡು: ಹತ್ತು ವರ್ಷ ತುಂಬಿದ ಮಗುವಿನ ಹೆಸರಿನಲ್ಲಿಯೇ ಅಂಚೆ ಕಚೇರಿಯಲ್ಲಿ 500 ರೂಪಾಯಿ ಕಟ್ಟಿ ಉಳಿತಾಯ ಖಾತೆ ತೆರೆಯಬಹುದು. ಬಟವಾಡೆಯ ದಿನ ಹತ್ತು ಮನೆಗಳು ತಲಾ 20 ರೂಪಾಯಿ ಹಾಕಿದರೆ 200 ಆಯಿತು. ಸಾಕುವವರು 100 ಹಾಕಲಿ. ಇದು ಯುಗಾಂಡದ ಲೆಕ್ಕವೇ, ಒಂದಕ್ಕೆ ಎರಡು. ವರ್ಷಕ್ಕೆ 3,600 ರೂಪಾಯಿ. ಮೊತ್ತ ಸಣ್ಣದಾದರೂ ಚಿಂತೆಯಿಲ್ಲ, ತಿಂಗಳು ತಪ್ಪಬಾರದು. ಈ ತಿಂಗಳು ಬಂದು ಮುಂದಿನ ತಿಂಗಳು ಬಾರದ ಸಹಾಯ ಮಗುವಿನ ಭಯವನ್ನು ಹೆಚ್ಚಿಸುತ್ತದೆ.

ಮೂರು: ಪಿ.ಎಫ್., ಗ್ರಾಚ್ಯುಟಿ, ಸರ್ಕಾರದ ಅರ್ಜಿ, ಇವುಗಳ ಹಿಂದೆ ಓಡಾಡಲು ಓದು ಬಲ್ಲ ಇಬ್ಬರು ಯುವಕ ಯುವತಿಯರನ್ನು ನೇಮಿಸಿರಿ. ಯೂನಿಯನ್ನಿನವರು ಅವರ ಜೊತೆ ನಿಲ್ಲಲಿ. ತಬ್ಬಲಿ ಮಕ್ಕಳಿರುವ ಲೈನು ಮನೆಯನ್ನು ಬಿಡಿಸುವ ಮಾತು ಬಂದರೆ ಸಂಬಳದ ಮಾತಿನಷ್ಟೇ ಗಟ್ಟಿಯಾಗಿ ಅದನ್ನು ಎತ್ತಲಿ.

ನಾಲ್ಕು: ಮಗು ಬಹಳ ಮಂಕಾಗಿದ್ದರೆ, ಸಾಯುವ ಮಾತಾಡಿದರೆ, ತಡಮಾಡದೆ ವೈದ್ಯರಿಗೆ ತೋರಿಸಿರಿ. ಮನಸ್ಸಿನ ತೊಂದರೆಗೆ 14416, ಮಕ್ಕಳ ಸಹಾಯಕ್ಕೆ 1098 ಉಚಿತ ನಂಬರುಗಳು. ಹಣದ ಆಸರೆ ಡಾಕ್ಟರ ಬದಲಿಗೆ ಅಲ್ಲ, ಡಾಕ್ಟರ ಜೊತೆಗೆ.

ವಿಧವೆಯರನ್ನೂ ತಬ್ಬಲಿಗಳನ್ನೂ ನೋಡಿಕೊಳ್ಳುವುದು ಭಕ್ತಿಯ ಕೆಲಸವೆಂದು ನಾವು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆ ಮಾತನ್ನು ನಡೆಸಲು ದೊಡ್ಡ ಕಟ್ಟಡವಾಗಲಿ ಪರದೇಶದ ಹಣವಾಗಲಿ ಬೇಕಿಲ್ಲ. ಮುಂದಿನ ಬಟವಾಡೆಯ ಸಂಜೆ ನಿಮ್ಮ ಲೈನಿನಲ್ಲಿ ಹತ್ತು ಮನೆಯವರು ಕುಳಿತು ಮಾತಾಡಿರಿ. ಅದೇ ವಾರದಲ್ಲಿ ಆ ಅಜ್ಜಿಯನ್ನೂ ಮಗುವನ್ನೂ ಕರೆದುಕೊಂಡು ಅಂಚೆ ಕಚೇರಿಗೆ ಹೋಗಿ ಬನ್ನಿ. ಪಾಸ್‌ಬುಕ್ಕನ್ನು ಮಗುವಿನ ಕೈಗೇ ಕೊಡಿಸಿರಿ.